ಮಂತ್ರಿಗಳ ಮಂಟಪದ ಲಾಡು

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 7.20ಕ್ಕೆ ಠಾಣೆಗೆ ದೂರು ಬಂತು. ತಂದವನು ಮಂತ್ರಿ ಹಣಮಂತರಾಯರ ಆಪ್ತ ಸಹಾಯಕ ಜನಾರ್ದನ. ನಾರಾಯಣಗೂಡ ಬಡಾವಣೆಯಲ್ಲಿ ಮಂತ್ರಿಗಳ ಮನೆ ಮುಂದೆ ಕೂರಿಸಿದ್ದ ಗಣಪತಿಯ ಕೈಯಿಂದ ದೊಡ್ಡ ಲಾಡು ಕಾಣೆಯಾಗಿತ್ತು. ಮರುದಿನವೇ ವಿಸರ್ಜನೆ.

ಮಂಟಪಕ್ಕೆ ದೀಪ ಕಟ್ಟಿದ್ದ ಎಲೆಕ್ಟ್ರಿಷಿಯನ್ ಖಾಜಾನನ್ನೂ ಜನಾರ್ದನ ತೋಳು ಹಿಡಿದು ಎಳೆತಂದಿದ್ದ.

“ಮಂಟಪದಾಗ ಮಲಗಿದಾಂವ ಇವನೊಬ್ಬನ ರೀ. ಸಂಜಿ ಆರಕ್ಕ ಸಾಹೇಬ್ರ ಭಾಷಣ ಐತಿ. ಅಷ್ಟರಾಗ ಕಳ್ಳ ಸಿಗಲಿಲ್ಲಂದ್ರ ಇವನ ಹೆಸರು ಮೈಕಿನಾಗ ಬರತೈತಿ.”

ಇನ್ಸ್‌ಪೆಕ್ಟರ್ ವಿಜಯಕುಮಾರ ಎಫ್‌ಐಆರ್ ದಾಖಲಿಸಿ ಖಾಜಾನತ್ತ ತಿರುಗಿದರು.

“ಲಾಡು ತಿಂದಿ ಏನು?”

“ನೈ ಸಾಬ್. ಮೇರೆಕು ಶುಗರ್ ಹೈ.” ಖಾಜಾ ಜೇಬಿನಿಂದ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದು ತೋರಿಸಿದ. ಮಂತ್ರಿಗಳದು ಧರ್ಮದ ಹೆಸರಿನ ಪಕ್ಷ, ಮೇಲೆ ಹಬ್ಬದ ಜನಜಂಗುಳಿ. ಮೈಕಿನಲ್ಲಿ ಹೆಸರು ಬಂದರೆ ಅವನ ಗತಿ ಏನೆಂದು ಇಬ್ಬರಿಗೂ ಗೊತ್ತಿತ್ತು.

ಒಂಬತ್ತಕ್ಕೆ ಮಂಟಪದಲ್ಲಿ ಪಂಚನಾಮೆ. ಅಡಿಗೆಯ ಸುಬ್ಬಣ್ಣ ಹೇಳಿಕೆ ಕೊಟ್ಟ: “ದೇವರ ಲಾಡಿಗಷ್ಟ ಪಚ್ಚಕರ್ಪೂರ ಹಾಕೀನ್ರಿ. ಮನಿ ಲಾಡಿಗೆ ಹಾಕಂಗಿಲ್ಲ.”

ಹೆಡ್ ಕಾನ್‌ಸ್ಟೇಬಲ್ ಸಾವಿತ್ರಿಬಾಯಿ ಪಿಸುಗುಟ್ಟಿದಳು: “ಗಣಪ್ಪನ ಲಾಡು ಕದ್ದು ಹಂಚಿದ್ರ ಬೇಡಿದ್ದು ಆಗತೈತಿ ಅಂತಾರ್ರಿ ಇಲ್ಲೆ. ಹೋದ ವರ್ಷ ನಮ್ಮ ಓಣ್ಯಾಗ ಇಬ್ರು ಸಾಫ್ಟ್‌ವೇರ್ ಹುಡುಗ್ರು ಅಮೆರಿಕಾ ವೀಸಾಕ್ಕಂತ ಕದ್ದಿದ್ರು.”

“ಬಂತಾ?”

“ಒಬ್ಬಗ ವೀಸಾ ಬಂತು. ಇನ್ನೊಬ್ಬಗ ಹೊಟ್ಟಿನೋವು ಬಂತು.”

11.30ಕ್ಕೆ ಮಂತ್ರಿಗಳ ಪತ್ನಿ ಗುರುದೇವಿಯವರ ಹೇಳಿಕೆ ಪಡೆಯಲು ಇಬ್ಬರೂ ಮನೆಯೊಳಗೆ ಹೋದರು. ಆಕೆ ಮೊದಲು ತಟ್ಟೆ ತಂದಿಟ್ಟರು. ಉಪ್ಪಿಟ್ಟು, ಚಹಾ, ಸಣ್ಣ ಸಣ್ಣ ಲಾಡು. ಒಂದನ್ನು ಬಾಯಿಗೆ ಹಾಕಿಕೊಂಡ ವಿಜಯಕುಮಾರರ ನಾಲಿಗೆ ತಣ್ಣಗಾಯಿತು. ಪಚ್ಚಕರ್ಪೂರ!

“ಸಾವಿತ್ರಿಬಾಯಿ, ಜಗಿಯೂದು ನಿಲ್ಲಸ್ರಿ. ಅದು ಮುದ್ದೆಮಾಲು, ಕಳುವಿನ ಸಾಕ್ಷಿ.”

“ನುಂಗಿಬಿಟ್ಟೆನ್ರಿ ಸಾಹೇಬ್ರ. ಎರಡು.”

ವಿಜಯಕುಮಾರ ತಟ್ಟೆ ಕೆಳಗಿಟ್ಟರು. “ಅಮ್ಮಾರ, ಲಾಡು ಕದ್ದಾನಂತ ಖಾಜಾನ್ನ ಠಾಣ್ಯಾಗ ಕೂಡ್ರಿಸೇವಿ.”

ಗುರುದೇವಿಯವರ ಮುಖ ಬಿಳಿಚಿತು. “ಅಯ್ಯೋ, ಅವನ್ಯಾಕ್ರಿ? ಲಾಡು ತೊಗೊಂಡಾಕಿ ನಾನು. ದಿನಾ ನಸುಕಿನ್ಯಾಗ ದೀಪಕ್ಕ ಎಣ್ಣಿ ಹಾಕಾಕ ಹೋಗ್ತೀನಿ. ಇವತ್ತ ಬರೂಮುಂದ ಸೆರಗಿನಾಗ ಕಟಗೊಂಡು ಬಂದೆ. ಹಂಚಾಕಂತ ಒಡದು ಸಣ್ಣ ಲಾಡು ಕಟ್ಟಿದೆ. ಮೊದಲ ಅವನ್ನ ಬಿಡ್ರಿ.”

ಸಾವಿತ್ರಿಬಾಯಿ ಠಾಣೆಗೆ ಫೋನ್ ಮಾಡಿದಳು. ಖಾಜಾನ ಬಿಡುಗಡೆಯಾಯಿತು.

“ಏನು ಬೇಡಿಕೊಂಡ್ರಿ?” ಎಂದು ಕೇಳಿದರು ವಿಜಯಕುಮಾರ.

“ಇವರು ಭಜನಿ ಮಂಡಳ್ಯಾಗ ತಾಳ ಬಾರ್ಸೂಮುಂದ ಮೂರೂ ಹೊತ್ತು ಮನ್ಯಾಗ ಉಣ್ತಿದ್ರು. ಪಾರ್ಟಿ ಸೇರಿದ್ರು, ನಾಷ್ಟಾ ಹೋತು. ಕಾರ್ಪೊರೇಟರ್ ಆದ್ರು, ಮಧ್ಯಾಹ್ನದ ಊಟ ಹೋತು. ಎಮ್ಮೆಲ್ಲೆ ಆದಕೂಡ್ಲೆ ರಾತ್ರೀದೂ ಹೋತು. ಮಂತ್ರಿ ಆದಮ್ಯಾಲೆ ಚಹಾ ಅಷ್ಟ ಉಳದೈತಿ. ನಾಳೆ ಇನ್ನೂ ದೊಡ್ಡ ಖಾತೆ ಕೊಡ್ತಾರಂತ. ಅದೊಂದು ತಪ್ಪಲಿ ಗಣಪ್ಪಾ ಅಂದೆ.”

ಬಾಗಿಲಲ್ಲಿ ಹಣಮಂತರಾಯರು ನಿಂತಿದ್ದರು. “ಲಾಡು ನೀ ಕದ್ದೀ?”

“ಮುಂಜಾನೆ ಚಹಾದ ಜೋಡಿ ನೀವೂ ತಿಂದೀರಲ್ರೀ.”

ಮಂತ್ರಿಗಳು ಕೆಮ್ಮಿದರು. “ವಿಜಯಕುಮಾರ, ದೂರು ವಾಪಸ್ ತೊಗೋತೀನಿ.”

“ಎಫ್‌ಐಆರ್ ಆಗೇತ್ರಿ. ಅಮ್ಮಾರನ್ನ ಅರೆಸ್ಟ್ ಮಾಡಬೇಕು. ಜಾಮೀನು ಕೊಡಬಹುದು. ಆರೋಪಿ ದಿನಾ ರಾತ್ರಿ ಎಂಟಕ್ಕ ಮನ್ಯಾಗ ಇರಬೇಕು. ಅದನ್ನ ಜಾಮೀನುದಾರರು ಖುದ್ದು ಎದುರಿಗೆ ಕುಂತು ನೋಡಬೇಕ್ರಿ.”

ಗುರುದೇವಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮಂತ್ರಿಗಳು ನಗುತ್ತಲೇ ಜಾಮೀನುದಾರರಾಗಿ ಸಹಿ ಹಾಕಿದರು.

ಸಂಜೆ ಖಾಜಾನ ಹೆಸರು ಮೈಕಿನಲ್ಲಿ ಬಂದೇ ಬಂತು. “ಈ ದೀಪ ಎಲ್ಲಾ ಹಚ್ಚಿದಾಂವ ಖಾಜಾ,” ಎಂದರು ಹಣಮಂತರಾಯರು. “ಇವತ್ತ ಅವಗ ಅನ್ಯಾಯ ಆತು. ನಮ್ಮ ಮನಿಯಿಂದನ ಆತು. ಕ್ಷಮಾ ಕೇಳ್ತೀನಿ.” ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಮಂಟಪವೆಲ್ಲ ತಟ್ಟಿತು. ಖಾಜಾ ತಲೆ ತಗ್ಗಿಸಿ, ನಗುತ್ತ, ಆರಿದ್ದ ಒಂದು ಬಲ್ಬನ್ನು ತಿರುವಿ ಬೆಳಗಿಸಿದ.

ಎಂಟಕ್ಕೆ ಸಾವಿತ್ರಿಬಾಯಿ ಷರತ್ತಿನ ಪಾಲನೆ ನೋಡಲು ಹೋದಳು. ಮಂತ್ರಿಗಳು ಮೂರನೆಯ ರೊಟ್ಟಿ ಮುರಿಯುತ್ತಿದ್ದರು. ಹೊರಗೆ ಜನಾರ್ದನ ಮಂತ್ರಿಗಳಿಗೆ ಬರುವ ಕರೆಗಳಿಗೆ ಉತ್ತರಿಸುತ್ತ ಮೊಬೈಲ್ ಹಿಡಿದು ಒದ್ದಾಡುತ್ತಿದ್ದ.

ಮರುದಿನ ದೊಡ್ಡ ಖಾತೆ ಬೇರೊಬ್ಬರ ಪಾಲಾಯಿತು. ಸುದ್ದಿ ಕೇಳಿ ನಕ್ಕ ವಿಜಯಕುಮಾರ ಕೇಸ್ ಡೈರಿ ತೆರೆದು, ಅಪರಾಧದ ಕಾರಣ ಎಂಬಲ್ಲಿ ಬರೆದರು: ಊಟದ ಹೊತ್ತಿಗೆ ಎದುರಿಗಿದ್ದ ಖಾಲಿ ತಟ್ಟೆ.