ಹೆಗಲ ಮೇಲಿದ್ದ ಧಾರೆ ಸೀರೆ

"ಇದಕ್ಕೆ ಲೈನಿಂಗ್ ಕೊಡಣ್ಣ, ಫಾಲ್ ಕೂಡಾ ಇದೇ ಬಣ್ಣದ್ದು," ಎಂದು ಮ್ಯಾಚಿಂಗ್ ಸೆಂಟರಿನವನಿಗೆ ಹೇಳುತ್ತಿದ್ದೆ. ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು.

ತಿರುಗಿದರೆ ಎದುರಿನ ಸೀರೆ ಅಂಗಡಿಯ ಸೆಕ್ಯೂರಿಟಿ. ಅವನ ಹಿಂದೆ ಓನರ್. ಅವರ ಹಿಂದೆ ಮೊಬೈಲ್ ಎತ್ತಿ ಹಿಡಿದ ಜನ. ಆಗಲೇ ನಾನು ನನ್ನ ಹೆಗಲು ನೋಡಿಕೊಂಡದ್ದು. ನನ್ನ ಧಾರೆ ಸೀರೆ ಅಲ್ಲಿತ್ತು. ಬಿಲ್ ಆಗಿರಲಿಲ್ಲ.

ನಾನು ಆದಿಲಕ್ಷ್ಮಿ, ಯಲ್ದೂರಿನಲ್ಲಿ ಬ್ಲೌಸ್ ಹೊಲಿಯುವವಳು. ಬೆಳಗಾದರೆ ಗಿರಾಕಿಗಳ ಸೀರೆ ಹೆಗಲಿಗೆ ಹಾಕಿಕೊಂಡು ಲೈನಿಂಗು, ದಾರ ಮ್ಯಾಚ್ ಮಾಡಲು ಹೊರಡುವವಳು. ಆ ದಿನ ಕೋಲಾರದಲ್ಲೂ ಅದೇ ಆಯಿತು. ಸೀರೆ ಮನಸ್ಸಿಗೆ ಬಂತು, ಹೆಗಲಿಗೇರಿತು, ಕಾಲು ತಾನಾಗಿ ರಸ್ತೆ ದಾಟಿತು. ಕದ್ದವಳು ಎದುರಂಗಡಿಯಲ್ಲೇ ನಿಂತು ಅದಕ್ಕೆ ಫಾಲ್ ಕೇಳುತ್ತಾಳೆಯೇ? ಓನರಿಗೆ ಅಷ್ಟು ಯೋಚಿಸುವ ದರ್ದು ಇರಲಿಲ್ಲ.

ನನ್ನನ್ನು ಮದುವೆಯಾಗಲಿದ್ದ ಮುನೇಶ ಆಗ ಬೀದಿಯ ತುದಿಯಲ್ಲಿ ಫೋನಿನಲ್ಲಿದ್ದ. ಅವನು ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವನು. ಲಾರಿಗೆ ಯಾವುದೋ ವಿಗ್ರಹ ಏರಿಸುವ ವಿಷಯ ಮಾತಾಡಲು ಹೊರಗೆ ಹೋಗಿದ್ದ. ಹೋಗುವ ಮುಂಚೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ತುಟಿ ಕಚ್ಚಿಕೊಂಡಿದ್ದ.

"ಈ ಸೀರೆ ಬೇಡ ಕಣೇ."

"ಯಾಕೋ?"

"ತಾಳಿ ಕಟ್ಟೋದು ಮರೆತು ನೋಡ್ತಾ ನಿಂತ್ಬಿಡ್ತೀನಿ."

"ನಿಂತ್ಕೋ. ನಾನೇ ಕಟ್ಕೋತೀನಿ."

ಅವನ ರೆಪ್ಪೆಯ ಮೇಲೆ ಯಾವಾಗಲೂ ಕಲ್ಲಿನ ಸಣ್ಣ ಧೂಳು ಇರುತ್ತದೆ. ನಕ್ಕರೆ ಅದೂ ಅಲುಗುತ್ತದೆ. ಅವನ ಅಕ್ಕನನ್ನು ನಮ್ಮೂರಿಗೆ ಕೊಟ್ಟಿದ್ದಾರೆ. ಅಕ್ಕನ ಬ್ಲೌಸ್ ಬಿಗಿಯಾಯಿತು ಎಂದು ಮತ್ತೆ ಮತ್ತೆ ನನ್ನ ಮನೆಬಾಗಿಲಿಗೆ ತಂದವನು ಅವನು. ಬಿಗಿ ಎಂದು ಅಕ್ಕನಿಗೇ ಗೊತ್ತಿರಲಿಲ್ಲ. ನಮ್ಮ ಪ್ರೀತಿ ಶುರುವಾದದ್ದು ಹಾಗೆ.

ಸ್ಟೇಷನ್ನಿನಲ್ಲಿ ಕಳ್ಳತನದ ಕೇಸು ಬರೆದುಕೊಂಡರು. ಮುನೇಶ ಓಡಾಡಿದ, ಲಾಯರನ್ನು ಕರೆತಂದ, ಜಾಮೀನು ಕೊಡಿಸಿದ. ಅವನಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಆದರೆ ನಾನು ಊರು ಸೇರುವ ಮುಂಚೆಯೇ ವೀಡಿಯೊ ಸೇರಿತ್ತು.

ಮರುದಿನ ಶೋಭಾರಾಣಿ ಟೀಚರ್ ಬಂದರು. "ಅರ್ಜೆಂಟ್ ಏನಿಲ್ಲಮ್ಮ, ಆಮೇಲೆ ಕೊಡ್ತೀನಿ," ಎಂದು ಹೊಲಿಯದ ಬಟ್ಟೆಯನ್ನು ವಾಪಸ್ ಒಯ್ದರು. ಚಿಕ್ಕಗಂಗಮ್ಮ ತನ್ನ ರೇಷ್ಮೆ ಸೀರೆಯನ್ನು ನನ್ನ ಎದುರೇ ಬಿಚ್ಚಿ, ಸೆರಗಿನಿಂದ ಅಂಚಿನವರೆಗೆ ನೋಡಿ ಮಡಿಸಿಕೊಂಡಳು. ನಾನೇ ಅವಳ ಮಗಳ ಮದುವೆಗೆ ಹೊಲಿದುಕೊಟ್ಟವಳು. ಕಪಾಟು ಖಾಲಿಯಾಯಿತು. ನನ್ನಮ್ಮ ಮುನಿಗಂಗಮ್ಮ ಮಿಷನ್ನಿನ ಮೇಲೆ ಬೆಡ್‌ಶೀಟ್ ಹೊದಿಸಿ, "ದೇವುಡಾ," ಎಂದು ಗೋಡೆಗೆ ಒರಗಿದಳು. ಹೊಟ್ಟೆಪಾಡಿನ ಕೈಗೇ ಕಳ್ಳಕೈ ಎಂಬ ಹೆಸರು ಬಿತ್ತು.

ಇಷ್ಟಾದರೂ ನಾನು ಮುರಿಯಲಿಲ್ಲ. ಮುನೇಶನಿದ್ದಾನೆ ಎಂಬ ಧೈರ್ಯ.

ಕೋರ್ಟಿನ ಮೊದಲ ದಿನ ವಾಯಿದೆ ಬಿತ್ತು. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಟೀ ತಂದುಕೊಟ್ಟ. ಬಿಸಿ ತಾಗದಿರಲಿ ಎಂದು ಕಪ್ಪಿಗೆ ತನ್ನ ಕರ್ಚೀಫ್ ಸುತ್ತಿದ್ದ.

"ಓನರ್ ಹತ್ರ ಮಾತಾಡಿದೀನಿ ಆದಿ. ರಾಜಿಗೆ ಒಪ್ಕೊಂಡ್ರು. ಆಸೆ ಆಯ್ತು, ತಗೊಂಡ್ಬಿಟ್ಟೆ, ತಪ್ಪಾಯ್ತು ಅಂತ ಅವ್ರ ಮುಂದೆ ಒಂದ್ ಮಾತು ಹೇಳ್ಬಿಡು. ಕೇಸೂ ಹೋಗುತ್ತೆ, ಮದುವೆನೂ ನಿಲ್ಲಲ್ಲ."

"ನಂಗೆ ಆಸೆ ಆಗಿತ್ತಾ?"

ಅವನು ಟೀ ನೋಡಿದ.

"ಇಲ್ಲಿ ನೋಡೋ. ನೀನ್ ಏನ್ ಅನ್ಕೊಂಡಿದೀಯ?"

ತಲೆ ಎತ್ತಿದ. ಆ ಕಣ್ಣುಗಳಲ್ಲಿ ನನ್ನ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ನೀನ್ ತಗೊಂಡಿದ್ರೂ ನಂಗೆ ನೀನೇ ಬೇಕು. ನಮ್ಮಮ್ಮ ನನ್ನ ಮನೆಯಿಂದ ಆಚೆ ಹಾಕ್ಲಿ, ನಾನ್ ನಿನ್ನ ಬಿಡಲ್ಲ."

ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಕಳ್ಳಿ ಅಂದಿರಲಿಲ್ಲ. ಅಳು ಬಂತು, ನುಂಗಿಕೊಂಡೆ. ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಅದನ್ನೂ ನುಂಗಿಕೊಂಡೆ.

"ತಗೊಂಡಿಲ್ಲ ಮುನೇಶ. ಹೇಳಲ್ಲ."

"ಕೇಸ್ ವರ್ಷಗಟ್ಲೆ ಎಳೆಯುತ್ತೆ ಕಣೇ."

"ಎಳೀಲಿ."

"ಆಯ್ತು, ಗೆದ್ದೇ ಬಾ. ನಾನ್ ಕಾಯ್ತೀನಿ."

"ಗೆದ್ದ ಮೇಲೆ ಊರೇ ನಂಬುತ್ತೆ. ಚಿಕ್ಕಗಂಗಮ್ಮನೂ ನಂಬ್ತಾಳೆ. ಅದಕ್ಕೆ ಮುಂಚೆ ನಂಬೋನು ಒಬ್ಬ ಬೇಕಿತ್ತು ನಂಗೆ."

ಅವನು ಏನೋ ಹೇಳಲು ಹೋದ. ನಂಬುತ್ತೇನೆ ಅನ್ನುವ ಒಂದು ಪದಕ್ಕಾಗಿ ನಾನು ಕಾದೆ. ನನ್ನ ಸಮಾಧಾನಕ್ಕೆಂದು ಸುಳ್ಳು ಹೇಳಲು ಅವನಿಂದ ಆಗಲಿಲ್ಲ. ತಲೆ ತಗ್ಗಿಸಿದ.

ನಮ್ಮೂರ ಕಡೆಯ ಶ್ರೀನಿವಾಸಪುರದ ಬಸ್ಸು ಬಂತು. ಹತ್ತಿ ಕೂತೆ. ಅವನು ಕಿಟಕಿಯ ಕೆಳಗೆ ಬಂದು, ಸರಳಿನ ಮೇಲೆ ಕೈ ಇಟ್ಟು ನಿಂತ. ಉಳಿ ಹಿಡಿದು ಒರಟಾದ ಆ ಕೈ ನನಗೆ ತುಂಬಾ ಇಷ್ಟ. ಹಿಡಿದುಕೊಂಡೆ. "ಕಾಯ್ಬೇಡ ಮುನೇಶ," ಅಂದೆ.

ಡ್ರೈವರ್ ಗೇರ್ ಹಾಕಿದಾಗ ಬಿಟ್ಟೆ.