ಲಿಡಿಯಾ ಟೀಚರರ ಕರೆಂಟಿನ ಪಾಠ

"ತಡೀರಿ! ಆ ತಂತಿ ಮುಟ್ಟಸಬ್ಯಾಡ್ರಿ!"

ಲಿಡಿಯಾ ಬೆಚ್ಚಿ ಕೈ ಹಿಂದಕ್ಕೆಳೆದಳು. ಬಾಗಿಲಲ್ಲಿ ನಿಂತಿದ್ದವನು ಭಾಲ್ಕಿಯ ಮಾಣಿಕ, ಅವಳದೇ ಶಾಲೆಯ ಗಣಿತದ ಮಾಸ್ತರ.

"ನಡುವ ರೋಧಕ ಇಲ್ದ ಎರಡೂ ತುದಿ ಕೂಡಿಸಿದ್ರ ಬ್ಯಾಟರಿ ಸುಟ್ಟು ಹೋಗ್ತಿತ್ತು ನೋಡ್ರಿ."

ನಾಚಿಕೆಯಿಂದ ಅವಳಿಗೆ ಅಳುವೇ ಬಂತು. ಹೈದರಾಬಾದ್ ರಾಜ್ಯ ಒಡೆದು ಬೀದರ ಮೈಸೂರು ರಾಜ್ಯಕ್ಕೆ ಸೇರಿ ಮೂರೇ ತಿಂಗಳು. ಮೈಲೂರಿನ ಲಿಡಿಯಾ ವಿಜ್ಞಾನ ಓದಿದ್ದು ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಸೋಮವಾರ ಇನ್ಸ್‌ಪೆಕ್ಟರರ ಎದುರು ಪಾಠ. ತಪ್ಪಿದರೆ ಹಂಗಾಮಿ ನೌಕರಿಯೂ ಇಲ್ಲ!

"ಸಿಲ್ಸಿಲಾ ಅಂದ್ರ ಸರಣಿ, ಮುತವಾಜಿ ಅಂದ್ರ ಸಮಾಂತರ... ಅಷ್ಟು ಗೊತ್ತದರಿ. ಆದ್ರ ಪುಸ್ತಕದ ಈ ಚಿತ್ರದಾಗ ಮೂರೂ ರೋಧಕ ಬಾಜೂಬಾಜೂ ನಿಂತಾವ. ಸಮಾಂತರನ ಅಲ್ಲೇನ್ರಿ?"

"ನಿಂತದ್ದು ನೋಡಬ್ಯಾಡ್ರಿ, ತುದಿ ಹಿಡಕೊಂಡು ಹೋಗ್ರಿ. ಎರಡು ರೋಧಕದ ಎರಡೂ ತುದಿ ಅವೇ ಎರಡು ಗಂಟಿಗೆ ಕೂಡಿದ್ರ ಸಮಾಂತರ. ಒಂದರಿಂದ ಹೊಂಟ ಕರೆಂಟು ನಡುವ ಕವಲೊಡೀದೆ ಇನ್ನೊಂದಕ್ಕ ಹೋದ್ರ ಸರಣಿ."

ಅವಳ ಬೆರಳು ಗೆರೆಯ ಮೇಲೆ ಸರಿಯಿತು. "ಅಂದ್ರ... ಇವೆರಡು ಸರಣಿ! ಆ ಜೋಡಿಗೆ ಮೂರನೇದು ಸಮಾಂತರ!"

"ಶಾಬಾಸ್!"

ಅವನು ನಕ್ಕ. ಅವಳ ಎದೆ ಯಾಕೋ ಹಾರಿತು...

ಮುಂದೆ ನಾಲ್ಕು ದಿನ, ಶಾಲೆ ಬಿಟ್ಟ ಮೇಲೆ ಹೀಗೇ ಪಾಠ. ಶನಿವಾರ ಶಾಲೆಯ ಗುಮಾಸ್ತ ರಶೀದ ಅಹ್ಮದ ಅವಳಿಗೆ ಹೇಳಿದ: "ರಾಜ್ಯ ಒಡದಾಗ ಯಾವ ಕಡೆ ನೌಕರಿ ಬೇಕು ಅಂತ ಸರ್ಕಾರ ಕೇಳಿತ್ತಲ್ರೀ, ಮಾಣಿಕ ಸಾಬ್ ಹೈದರಾಬಾದ್ ಕಡೆ ಅಂತ ಬರದಾರ. ಇನ್ನ ಹೋಗೋರೇ."

ಹೋಗುವವನು ಹಾಗೆ ನಕ್ಕದ್ದೇಕೆ? ಬರೀ ಕನಿಕರವೇ? ಅಥವಾ ನಾನೇ ಏನೇನೋ ತಿಳಿದುಕೊಂಡೆನೇ? ಆ ಸಂಜೆ ಅವಳು ಅವನಿಗೆ ಮುಖ ಕೊಡದೆ ಹೊರಟುಹೋದಳು.

ಸೋಮವಾರ ಇನ್ಸ್‌ಪೆಕ್ಟರರು ಬೋರ್ಡಿನ ಮೇಲೆ ರೋಧಕಗಳ ಸೊಟ್ಟಸೊಟ್ಟ ಚಿತ್ರ ಬರೆದರು. ಲಿಡಿಯಾ ಒಂದೊಂದು ತುದಿ ಹಿಡಿದು ಹೋಗಿ ಸರಿಯಾಗಿ ಬಿಡಿಸಿದಳು. "ಮಕ್ಕಳಿಗೆ ತಿಳಿಯುವ ಹಾಗೆ ಹೇಳ್ತೀರಿ," ಎಂದರು ಅವರು. ನೌಕರಿ ಉಳಿಯಿತು! ಆದರೆ ಮಾಸ್ತರರ ಕೋಣೆಯಲ್ಲಿ ಮಾಣಿಕನ ಕುರ್ಚಿ ಖಾಲಿ...

ಸಂಜೆ ಗೇಟಿನ ಬಳಿ ಅವನು ಬೆವೆತು ಬಂದ.

"ಪಾಠ ಹ್ಯಾಂಗಾತ್ರಿ?"

"ಹೈದರಾಬಾದಿಗೆ ಹೋಗೋರಿಗೆ ಅದ್ಯಾಕ್ರಿ?"

ಮಾಣಿಕ ತಬ್ಬಿಬ್ಬಾದ. "ಅದು... ನೀವು ಸಾಲಿಗೆ ಬರೋಕಿಂತ ಮೊದಲ ಬರದದ್ದು. ಮುಂಜಾನಿಂದ ಕಚೇರಿಯೊಳಗ ಕುಂತು ಬದಲು ಮಾಡಿಸಿ ಬಂದೇನಿ. ಇದೇ ಜಿಲ್ಲಾದ ಮೂಲಿ ಔರಾದಿಗೆ ಹಾಕ್ತಾರಂತ. ಹಾಕ್ಲಿ!"

"ಯಾಕ...?"

"ನಿಮ್ಮ ಸಲುವಾಗಿ ರೀ. ನಾವು ಹೋದ ವರ್ಷ ಬುದ್ಧನ್ನ ಒಪ್ಪಿಕೊಂಡವರು, ನೀವು ಚರ್ಚಿನವರು. ನಿಮ್ಮಪ್ಪ ಏನಂತಾರೋ ತಿಳಿವಲ್ದು..."

"ನನಗೂ ತಿಳಿವಲ್ದು." ಅವಳು ಕಣ್ಣೀರಲ್ಲೇ ನಕ್ಕಳು. "ಆದ್ರ ಮೊದಲ ನನ್ನ ಕೇಳೀರೇನ್ರಿ?"

"ನನ್ನ ಕೂಡ ಬಾಳ್ವಿ ಮಾಡ್ತೀರೇನ್ರಿ?"

"ಹೂಂ... ಮಾಡ್ತೇನಿ. ಈಗ ಮನಿಗೆ ಬರ್ರಿ, ಅಪ್ಪಗ ಹೇಳೂಣು."

"ಈಗೇ? ಈ ಬೆವತ ಅಂಗಿಯೊಳಗ?"

"ಇದ್ರೊಳಗೇ!"