ತಳ ಹಿಡಿದ ಕೈಮಾ ಉಂಡೆ

ಒಂದು ಮನೆಯ ಅಡುಗೆಮನೆಯಲ್ಲಿ ನಡೆದದ್ದನ್ನು ಹೊರಗಿನವರು ಹೇಳುವುದು ಸರಿಯಲ್ಲ. ಅದರಲ್ಲೂ ಹೇಳಬೇಕಾದ್ದು ಒಬ್ಬ ಹೆಂಗಸಿನ ನಾಚಿಕೆಯ ಸಂಗತಿಯಾದರೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಆದರೂ ಹೇಳುತ್ತಿದ್ದೇನೆ, ತಪ್ಪಾಗಿ ಕಂಡರೆ ಓದುವವರು ಮನ್ನಿಸಬೇಕು. ಎಲ್ಲಿಂದ ಶುರು ಮಾಡಬೇಕೆಂದು ಬಹಳ ಯೋಚಿಸಿದೆ. ವಾಸನೆಯಿಂದ ಶುರು ಮಾಡುವುದೇ ಸರಿ ಎನಿಸಿತು.

ಸೊಸೆ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಮಗಳ ತಲೆ ಬಾಚುತ್ತಿದ್ದಳು. ಸಂಜೆಯ ಬಿಸಿಲು ಪಕ್ಕದ ಗೋಡೆಯಿಂದ ಇಳಿದುಹೋಗಿತ್ತು. ಒಳಗೆ ಒಲೆಯ ಮೇಲೆ ಅತ್ತೆಯ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಗಟ್ಟಿ ಟೊಮೆಟೊ ರಸ, ಅದರೊಳಗೆ ಕೊಚ್ಚಿದ ದನದ ಮಾಂಸ ಮತ್ತು ಅಕ್ಕಿ ಸೇರಿಸಿ ಕಟ್ಟಿದ ಕೈಮಾ ಉಂಡೆಗಳು. ಮೊದಲು ಬಂದದ್ದು ಹಸಿವು ಕೆರಳಿಸುವ ಹುಳಿಸಿಹಿ ಘಮ. ಆಮೇಲೆ ಅದರ ಅಂಚಿನಲ್ಲಿ ಇನ್ನೇನೋ... ಸಕ್ಕರೆ ಕರಕಾದಂತೆ ಒಂದು ಕಮರು. ತಳ ಹಿಡಿಯುತ್ತಿದೆ.

ಅವಳ ಕೈಯಲ್ಲಿ ಬಾಚಣಿಗೆ ನಿಂತಿತು. ಏಳಬೇಕು. ಎರಡು ಹೆಜ್ಜೆ ಇಟ್ಟು ಒಲೆ ಸಣ್ಣ ಮಾಡಿದರೆ ಸಾಕು. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಯಾರಿಗೂ ತಿಳಿಯುವುದೇ ಇಲ್ಲ.

ಅವಳು ಏಳಲಿಲ್ಲ.

ಯಾಕೆ ಏಳಲಿಲ್ಲವೆಂದು ಹೇಳಬೇಕಾದರೆ ಅತ್ತೆಯ ವಿಷಯ ಹೇಳಬೇಕು. ಆಕೆ ಒಂದು ಕಾಲಕ್ಕೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸೌಟಮ್ಮ ಎಂದು. ಕಾರ್ಖಾನೆ ಮುಚ್ಚಿತು, ಕ್ಯಾಂಟೀನೂ ಮುಚ್ಚಿತು, ಆದರೆ ಉದ್ದ ಹಿಡಿಯ ಆ ಸೌಟು ಮನೆಗೆ ಬಂತು. ಅದರ ಜೊತೆಗೆ ಇಡೀ ಕ್ಯಾಂಟೀನಿನ ಅಧಿಕಾರವೂ ಬಂತು. ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅವಳು ಒಲೆಯ ಹತ್ತಿರ ಬಂದರೆ ಸಾಕು, "ದೂರ ನಿಲ್ಲಮ್ಮ, ಸೋಪಿನ ಕೈಯಲ್ಲಿ ಮುಟ್ಟಿದ್ರೆ ಸಾರಿಗೆ ನೊರೆ ಬರುತ್ತೆ," ಎನ್ನುತ್ತಿದ್ದಳು ಅತ್ತೆ. ಮೊದಮೊದಲು ಸೊಸೆಯೂ ನಕ್ಕಳು. ಒಂದೇ ಮಾತಿಗೆ ಎಷ್ಟು ದಿನ ನಗಲಾದೀತು?

ಕಳೆದ ವರ್ಷದಿಂದ ಅತ್ತೆಯ ಕಾಟ ಇನ್ನೂ ಹೆಚ್ಚಿತ್ತು. ಒಂದು ಕೆಟ್ಟ ಜ್ವರ ಬಂದು ಹಾಸಿಗೆ ಹಿಡಿದು ಎದ್ದಮೇಲೆ ಆಕೆ ಒಲೆ ಬಿಟ್ಟು ಕದಲುತ್ತಲೇ ಇರಲಿಲ್ಲ. ಯಾರಿಗೂ ರುಚಿ ನೋಡಲು ಕೊಡುತ್ತಿರಲಿಲ್ಲ, ಮೊಮ್ಮಗಳಿಗೆ ಬಿಟ್ಟು. "ಬಾರೇ ಪುಟ್ಟಿ, ನನ್ನ ಸಾಹೇಬ್ರು ನೀನೇ. ಮೂಸಿ ನೋಡು, ಆಗಿದ್ಯಾ ಹೇಳು," ಎಂದು ಮಗುವನ್ನು ಎತ್ತಿ ಪಾತ್ರೆಯ ಹತ್ತಿರ ಹಿಡಿಯುತ್ತಿದ್ದಳು. ಮಗು ಗಂಭೀರವಾಗಿ ಮೂಸಿ, "ಆಗಿದೆ ಅಜ್ಜಿ," ಎಂದಮೇಲೆಯೇ ಒಲೆ ಆರುತ್ತಿತ್ತು. ಅಜ್ಜಿಯ ಮುದ್ದು ಎಂದುಕೊಂಡಿದ್ದರು ಎಲ್ಲರೂ.

ಆ ದಿನ ಊಟಕ್ಕೆ ಬರಬೇಕಿದ್ದವರು ಪುಟ್ಟಿಯ ಶಾಲೆಯ ದೊಡ್ಡ ಮಿಸ್ಸು, ಅಂದರೆ ಮುಖ್ಯೋಪಾಧ್ಯಾಯಿನಿ. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಶುರುವಾಗುವುದಿತ್ತು, ಅಡುಗೆಮನೆ ನೋಡಿಕೊಳ್ಳಲು ಅನುಭವಸ್ಥರೊಬ್ಬರು ಬೇಕಿತ್ತು. "ಚಿಕ್ಕವರೂ ದೊಡ್ಡವರೂ ಒಂದೇ ಪಾತ್ರೆಯಿಂದ ತಿನ್ನೋ ಹಾಗೆ ಏನಾದ್ರೂ ಮಾಡಿ, ನಾನು ಬಂದು ರುಚಿ ನೋಡ್ತೀನಿ," ಎಂದಿದ್ದರು. ಅತ್ತೆಯ ಮುಖದಲ್ಲಿ ಅಷ್ಟು ಬೆಳಕನ್ನು ಸೊಸೆ ಎಂದೂ ಕಂಡಿರಲಿಲ್ಲ. ಬಿಳಿ ಏಪ್ರನ್ನನ್ನು ಪೆಟ್ಟಿಗೆಯಿಂದ ತೆಗೆದು, "ಸ್ವಲ್ಪ ಇಸ್ತ್ರಿ ಹಾಕಿಕೊಡ್ತೀಯಾ?" ಎಂದು ಕೇಳಿದ್ದಳು. ಅತ್ತೆ ಸೊಸೆಯನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಸೊಸೆ ಬೆಳಿಗ್ಗೆ ಬೇಗ ಎದ್ದು, ಅತ್ತೆಗೆ ಭಾರ ಕಡಿಮೆಯಾಗಲೆಂದು ತಾನೇ ಅರ್ಧ ಮಾಂಸಕ್ಕೆ ಅನ್ನ ಕಲಸಿ ಉಂಡೆ ಕಟ್ಟಿಟ್ಟಳು.

ಅದೇ ತಪ್ಪಾಯಿತು. ಅತ್ತೆ ಒಂದು ಉಂಡೆ ಹಿಚುಕಿ ನೋಡಿದಳು. "ಬೆಂದ ಅನ್ನ ಹಾಕಿದ್ಯಲ್ಲೇ. ಅಕ್ಕಿ ನೆನೆಸಿ, ಅರೆಬೇಯಿಸಿ ಹಾಕ್ಬೇಕು. ಉಳಿದದ್ದು ಟೊಮೆಟೊ ರಸ ಕುಡಿದು ಬೇಯುತ್ತೆ, ಆಗ ಉಂಡೆ ಮೆತ್ತಗಿರುತ್ತೆ. ಇದು ಉಂಡೆ ಅಲ್ಲ, ಗೋಡೆಗೆ ಮೆತ್ತೋ ಗಾರೆ." ಅಷ್ಟಕ್ಕೆ ನಿಂತಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಆದರೆ ಅತ್ತೆ ತಟ್ಟೆ ಸಮೇತ ಒಯ್ದು ಬೀದಿನಾಯಿಯ ಮುಂದೆ ಸುರಿದಳು. ನಾಯಿ ಮೂಸಿ ನೋಡಿ ಒಂದು ಕ್ಷಣ ಯೋಚಿಸಿತು. "ನೋಡು, ಅದಕ್ಕೂ ಅನುಮಾನ," ಎಂದಳು ಅತ್ತೆ. ಬಸ್ಸು ಓಡಿಸಲು ಹೊರಟು ನಿಂತಿದ್ದ ಗಂಡ ಜೋರಾಗಿ ನಕ್ಕುಬಿಟ್ಟ. ಪಕ್ಕದ ಮನೆಯವರೂ ನಕ್ಕರು. "ಇನ್ನು ನನ್ನ ಪಾತ್ರೆಗೆ ಕೈ ಹಚ್ಚಬೇಡ," ಎಂದು ಹೇಳಿ ಅತ್ತೆ ಒಳಗೆ ಹೋದಳು.

ಸಂಜೆ ಅದೇ ಪಾತ್ರೆಯಿಂದ ಸೀದ ವಾಸನೆ ಬರುತ್ತಿತ್ತು. ನನ್ನ ಪಾತ್ರೆಯಲ್ಲವಲ್ಲ, ಎಂದುಕೊಂಡಳು ಸೊಸೆ. ಕೈ ಹಚ್ಚಬೇಡ ಎಂದವರು ಅವರೇ.

ದೊಡ್ಡ ಮಿಸ್ಸು ಆಗಲೇ ಬಂದು ಮುಂದಿನ ಕೋಣೆಯಲ್ಲಿ ಕುಳಿತಿದ್ದರು. ಅವರಿಗೆ ನೀರು ಕೊಟ್ಟು ಮಾತಾಡಿಸಿ ಅತ್ತೆ ಅವಸರದಲ್ಲಿ ಅಡುಗೆಮನೆಗೆ ಬಂದಳು. ಈಗ ಗೊತ್ತಾಗುತ್ತದೆ, ಗಾಬರಿಬೀಳುತ್ತಾಳೆ ಎಂದು ಸೊಸೆ ಬಾಗಿಲ ಸಂದಿಯಿಂದ ನೋಡಿದಳು. ಅತ್ತೆ ಮುಚ್ಚಳ ತೆಗೆದಳು. ಹಬೆಗೆ ಮುಖ ಒಡ್ಡಿದಳು. ಕನ್ನಡಕ ಮಂಜಾಯಿತು. ಆ ಹೊತ್ತಿಗೆ ಇಡೀ ಕೋಣೆಯಲ್ಲೇ ಸೀದ ವಾಸನೆ ತುಂಬಿತ್ತು. ಆದರೆ ಅತ್ತೆ ಏನೂ ಆಗದವಳಂತೆ ಸೌಟನ್ನು ತಳಕ್ಕಿಳಿಸಿ, ಕರಕಾದದ್ದನ್ನೆಲ್ಲ ಮೇಲಕ್ಕೆ ತಿರುವಿ ಹಾಕಿದಳು. ಆಮೇಲೆ ಸುತ್ತ ನೋಡಿ, ಸಣ್ಣ ದನಿಯಲ್ಲಿ ಕರೆದಳು.

"ಪುಟ್ಟಿ... ಪುಟ್ಟಿ ಎಲ್ಲಿ? ಸ್ವಲ್ಪ ಬಾರಮ್ಮ ಇಲ್ಲಿ."

ಆ ದನಿಯಲ್ಲಿದ್ದ ಅಂಜಿಕೆ ಕೇಳಿದ ಕೂಡಲೇ ಸೊಸೆಗೆ ಎಲ್ಲ ಅರ್ಥವಾಯಿತು. ಜ್ವರ. ಮೂಸಿ ನೋಡು. ನನ್ನ ಸಾಹೇಬ್ರು ನೀನೇ. ಈ ಮುದುಕಿಗೆ ವಾಸನೆಯೇ ಬರುವುದಿಲ್ಲ.

"ಅಮ್ಮ, ಏನೋ ಸೀದಿದೆ," ಎಂದಿತು ಮಗು, ಏಳಲು ಹೋಗುತ್ತಾ.

"ತಲೆ ಅಲ್ಲಾಡಿಸಬೇಡ," ಎಂದು ಸೊಸೆ ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಒಳಗೆ ಕೇಳುವಂತೆ, "ಜಡೆ ಹಾಕ್ತಾ ಇದೀನಿ ಅತ್ತೆ, ಪುಟ್ಟಿ ಈಗ ಬರಲ್ಲ," ಎಂದಳು.

ಒಳಗಿನಿಂದ ಸೌಟನ್ನು ಪಾತ್ರೆಯ ಅಂಚಿಗೆ ಬಡಿದ ಸದ್ದು. ಆಮೇಲೆ ಒಲೆ ಆರಿಸಿದ ಸದ್ದು.

ಊಟಕ್ಕೆ ಕುಳಿತರು. ಗಂಡನೂ ಕೆಲಸ ಮುಗಿಸಿ ಬಂದಿದ್ದ. ಇಸ್ತ್ರಿಯ ಗೆರೆ ಮುರಿಯದ ಏಪ್ರನ್ನಿನಲ್ಲಿ ಅತ್ತೆ ಎಲ್ಲರಿಗೂ ಬಡಿಸಿ, "ಮಕ್ಕಳಿಗೆ ಅಂತ ಖಾರ ಹಾಕಿಲ್ಲ ಮಿಸ್ಸಮ್ಮ. ಚಮಚದಲ್ಲಿ ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ, ಹಲ್ಲಿಲ್ಲದವರೂ ತಿನ್ನಬಹುದು," ಎಂದಳು. ದೊಡ್ಡ ಮಿಸ್ಸು ಒಂದು ತುತ್ತು ಬಾಯಿಗಿಟ್ಟರು. ನುಂಗಿದರು. ನೀರು ಕುಡಿದರು. ಗಂಡ ಮಾತ್ರ ಅಷ್ಟು ನಾಜೂಕಿನವನಲ್ಲ.

"ಏನಮ್ಮಾ ಇದು, ಪೂರ್ತಿ ಸೀದಿದ್ಯಲ್ಲ!"

"ಸೀದಿದ್ಯಾ?" ಅತ್ತೆ ತನ್ನ ತಟ್ಟೆಯಿಂದ ಒಂದು ಉಂಡೆ ಮುರಿದು ತಿಂದಳು. ಅಗಿದಳು. ಇನ್ನೊಂದು ತುತ್ತು ತಿಂದಳು. "ಚೆನ್ನಾಗೇ ಇದ್ಯಲ್ಲೋ... ಉಪ್ಪು ಸರಿಯಿದೆ, ಹುಳಿ ಸರಿಯಿದೆ..." ಎನ್ನುತ್ತಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ದಾರಿ ತಪ್ಪಿದವರು ಎದುರಿಗೆ ಬಂದವರ ಮುಖ ನೋಡುವ ಹಾಗೆ ನೋಡಿದಳು. ಯಾರೂ ತಲೆ ಎತ್ತಲಿಲ್ಲ. ಸೊಸೆಗೆ ಬೆಳಿಗ್ಗೆಯಿಂದ ಬೇಕಾಗಿದ್ದದ್ದು ಇದೇ ಅಲ್ಲವೇ? ಬಂದಾಗ ಅದು ಬೇಡವಾಗಿತ್ತು.

"ಹೊಗೆ ಹೊಗೆ ಇದೆ ಅಜ್ಜಿ," ಎಂದಿತು ಮಗು. "ನಾನು ಆಗಲೇ ಹೇಳಿದೆ. ಅಮ್ಮನಿಗೆ..."

"ತಪ್ಪು ನಂದೇ," ಎಂದುಬಿಟ್ಟಳು ಸೊಸೆ. ಮಗುವಿನ ಮಾತು ಮುಗಿಯುವ ಮೊದಲೇ ಎಂದುಬಿಟ್ಟಳು. "ಒಲೆ ಕಡೆ ನೋಡ್ಕೊ ಅಂತ ಅತ್ತೆ ನನಗೆ ಹೇಳಿದ್ರು. ಜಡೆ ಹಾಕೋ ಗಲಾಟೆಯಲ್ಲಿ ಮರೆತೇಬಿಟ್ಟೆ. ಅತ್ತೆ ಈಗ ನನ್ನ ಮಾನ ಉಳಿಸೋಕೆ ಚೆನ್ನಾಗಿದೆ ಅಂತಿದಾರೆ."

"ಮನೆಗೆ ದೊಡ್ಡವರು ಬರೋ ದಿನಾನೂ ನಿನಗೆ ಮೈಮೇಲೆ ಜ್ಞಾನ ಇಲ್ವಲ್ಲ," ಎಂದು ಗಂಡ ರೇಗಿದ. ಅವಳು ತಲೆ ತಗ್ಗಿಸಿದಳು. ಆ ಬೈಗುಳ ಅವಳಿಗೆ ಹಿತವಾಗಿತ್ತು.

ದೊಡ್ಡ ಮಿಸ್ಸು ನಕ್ಕು ಮಾತು ತಿರುಗಿಸಿದರು. "ಹೋಗಲಿ ಬಿಡಿ, ಯಾರ ಮನೇಲಿ ತಳ ಹಿಡಿದಿಲ್ಲ? ಉಂಡೆ ಒಳಗೆ ಬೆಣ್ಣೆ ಹಾಗಿದೆ. ಇಂಥ ಕೈ ಎಲ್ಲಿ ಸಿಗುತ್ತೆ? ಸೋಮವಾರದಿಂದ ನೀವು ಬಂದುಬಿಡಿ."

ಎಲ್ಲ ಸರಿಹೋಯಿತು ಎಂದು ಸೊಸೆ ಉಸಿರು ಬಿಟ್ಟಳು. ತಾನು ಕೆಡಿಸಿದ್ದನ್ನು ತಾನೇ ನೆಟ್ಟಗೆ ಮಾಡಿದೆ ಎನಿಸಿತು. ಆದರೆ ಅತ್ತೆ ಎದ್ದು ನಿಂತಳು. ಏಪ್ರನ್ನಿನ ಗಂಟು ಬಿಚ್ಚಿದಳು.

"ನನ್ನ ಸೊಸೆ ಸುಳ್ಳು ಹೇಳ್ತಿದಾಳೆ ಮಿಸ್ಸಮ್ಮ."

ಸೊಸೆ ಮಗುವಿನ ಕಡೆ ತಿರುಗಿದಳು.

"ಒಲೆ ನೋಡ್ಕೊ ಅಂತ ನಾನು ಅವಳಿಗೆ ಹೇಳೇ ಇಲ್ಲ. ಪಾತ್ರೆ ಮುಂದೆ ನಾನೇ ನಿಂತಿದ್ದೆ, ಸೌಟು ಆಡಿಸಿದ್ದೂ ನಾನೇ. ನನಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದು ಹೋದಮೇಲೆ ಹೂವೂ ಒಂದೇ, ಚರಂಡಿಯೂ ಒಂದೇ. ಉಪ್ಪು ಹುಳಿ ನಾಲಿಗೆಗೆ ಸಿಗುತ್ತೆ, ಅಷ್ಟೆ. ಈ ಮಗುವಿನ ಮೂಗು ಕಡ ತಗೊಂಡು ಇಷ್ಟು ದಿನ ದಾಟಿಸಿದೆ..." ಅವಳ ದನಿ ಒಡೆಯಿತು. "ನಾಳೆ ಮಾಂಸ ಹಳಸಿದ್ರೂ ನನಗೆ ತಿಳಿಯಲ್ಲ, ಗ್ಯಾಸ್ ಸೋರಿದ್ರೂ ತಿಳಿಯಲ್ಲ. ತಿನ್ನೋರು ಮಕ್ಕಳು. ನನ್ನ ಆಸೆಗೆ ಅವರನ್ನ ಬಲಿ ಕೊಡ್ಲಾ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಆಮೇಲೆ ಅವಳು ಸೊಸೆಯ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಬೆಳಿಗ್ಗೆ ಇವಳ ಕೈಯಡುಗೆನ ನಾಯಿಗೆ ಸುರಿದೆ ಮಿಸ್ಸಮ್ಮ, ನಾಲ್ಕು ಜನರ ಎದುರಿಗೆ. ಸಂಜೆ ನನ್ನ ಮರ್ಯಾದೆ ಹೋಗುತ್ತೆ ಅಂತ ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡಳು. ಇಂಥವಳನ್ನ ನಾನು... ಹೊಟ್ಟೆಯಲ್ಲಿ ಹುಟ್ಟಿದವರೂ ಹೀಗೆ ಮಾಡಲ್ಲ."

ಭೂಮಿ ಬಾಯಿ ಬಿಡಬಾರದೇ ಎನ್ನುವ ಮಾತನ್ನು ಸೊಸೆ ಎಷ್ಟೋ ಸಲ ಕೇಳಿದ್ದಳು. ಅಂದು ಅವಳಿಗೆ ಅದು ಮಾತಾಗಿ ಉಳಿಯಲಿಲ್ಲ. ಅತ್ತೆಯ ಕಾಲು ಹಿಡಿದು, 'ನನಗೆ ವಾಸನೆ ಬಂದಿತ್ತು, ಬೇಕೆಂದೇ ಸುಮ್ಮನಿದ್ದೆ, ಮಗುವಿನ ಜಡೆ ಹಿಡಿದು ಕೂರಿಸಿದೆ' ಎಂದು ಹೇಳಬೇಕೆಂದು ಬಾಯಿ ತೆರೆದಳು. ದೊಡ್ಡ ಮಿಸ್ಸು ಸೊಸೆಯ ಭುಜ ತಟ್ಟಿ, "ಪುಣ್ಯವಂತೆ ನೀವು," ಎಂದು ಅತ್ತೆಗೆ ಹೇಳುತ್ತಿದ್ದರು. ಗಂಡ ನಾಚಿ, ಹೆಂಡತಿಯ ತಟ್ಟೆಯನ್ನೂ ತಾನೇ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಅಂದಿನಿಂದ ಆ ಮನೆಯ ಗಾಳಿಯೇ ಬದಲಾಯಿತು. ಸೋಪಿನ ಕೈಯ ಮಾತು ನಿಂತಿತು. ಅತ್ತೆ ಸೊಸೆಗೆ ಮೊದಲು ಬಡಿಸಿ ಆಮೇಲೆ ಮಗನಿಗೆ ಬಡಿಸುವಳು. ಲಾಂಡ್ರಿಯಿಂದ ಬರುವಷ್ಟರಲ್ಲಿ ಕಾಲಿಗೆ ಬಿಸಿನೀರು ಕಾದಿರುತ್ತಿತ್ತು. ಬೈಗುಳವನ್ನು ಎದುರಿಸುವುದು ಸೊಸೆಗೆ ರೂಢಿಯಿತ್ತು, ಈ ಅಕ್ಕರೆಯನ್ನು ಹೇಗೆ ಎದುರಿಸಬೇಕೆಂದು ತಿಳಿಯಲಿಲ್ಲ. ಒಂದೊಂದು ಒಳ್ಳೆಯ ಮಾತೂ ಚುಚ್ಚುತ್ತಿತ್ತು.

ಒಂದು ಭಾನುವಾರ ಅತ್ತೆ ಉದ್ದ ಹಿಡಿಯ ಸೌಟನ್ನು ಸೊಸೆಯ ಕೈಗೆ ಕೊಟ್ಟಳು. "ಇನ್ಮೇಲೆ ಇದು ನಿಂದು. ನಾನು ಕೈ, ನೀನು ಮೂಗು," ಎಂದಳು. ಇಬ್ಬರೂ ಕುಳಿತು ಉಂಡೆ ಕಟ್ಟಿದರು. ಅಕ್ಕಿಯನ್ನು ಎಷ್ಟು ಬೇಯಿಸಬೇಕೆಂದು ಅತ್ತೆ ಒಂದು ಕಾಳನ್ನು ಉಗುರಿನಲ್ಲಿ ಮುರಿದು, ನಡುವೆ ಉಳಿದ ಬಿಳಿ ಚುಕ್ಕೆಯನ್ನು ತೋರಿಸಿದಳು. "ಕೈ ಒದ್ದೆ ಮಾಡ್ಕೊ. ಗಟ್ಟಿಯಾಗಿ ಒತ್ತಬೇಡ. ಒತ್ತಿದಷ್ಟೂ ಕಲ್ಲಾಗುತ್ತೆ." ಸೊಸೆ ಹೂಂಗುಟ್ಟುತ್ತಾ ಕಟ್ಟಿದಳು. ಟೊಮೆಟೊ ರಸ ಕುದಿಯತೊಡಗಿತು. ಘಮ ಎದ್ದಿತು.

"ಅಲ್ವೇ," ಎಂದಳು ಅತ್ತೆ, ಅಂಗೈಯ ಉಂಡೆಯಿಂದ ಕಣ್ಣೆತ್ತದೆ. "ಅವತ್ತು ನೀನು ಬಾಗಿಲಲ್ಲೇ ಕೂತಿದ್ಯಲ್ಲ. ನಿನಗೆ ನೆಗಡಿ ಏನಾದ್ರೂ ಇತ್ತಾ?"

ಸೊಸೆಯ ಕೈಯಲ್ಲಿದ್ದ ಉಂಡೆ ಒಡೆಯಿತು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಾರದು, ಅವಳಿಗೂ ಅದು ಗೊತ್ತಿತ್ತು.

"ಹೂಂ ಅತ್ತೆ," ಎಂದಳು. "ಸ್ವಲ್ಪ ನೆಗಡಿ ಇತ್ತು."

ಅತ್ತೆ ಎದ್ದು ಕೈ ತೊಳೆದು, ಇನ್ನೊಂದು ಒಲೆಯ ಮೇಲೆ ನೀರಿಟ್ಟಳು. ನೀರು ಕುದಿದಾಗ ಬೋಗುಣಿಯನ್ನು ಸೊಸೆಯ ಮುಂದಿಟ್ಟು, ಅವಳ ತಲೆಯ ಮೇಲೆ ಟವಲು ಹೊದಿಸಿದಳು. "ಹಬೆ ತಗೊ. ನೆಗಡಿ ಒಳಗೇ ಉಳ್ಕೊಂಡ್ರೆ ಒಳ್ಳೇದಲ್ಲ. ಆಮೇಲೆ ನನ್ನ ಹಾಗೆ ಆಗಿಬಿಡ್ತೀಯ," ಎಂದು ಬೆನ್ನು ಸವರಿದಳು. ಟವಲಿನ ಕತ್ತಲೆಯಲ್ಲಿ ಸೊಸೆ ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದಳು. ಹೊರಗೆ ಪಾತ್ರೆಯಲ್ಲಿ ಸೌಟು ಆಡುವ ಸದ್ದು, ಒಂದೇ ಸಮನೆ, ತಳದವರೆಗೆ ಇಳಿದು ಮೇಲೆ ಬರುವ ಸದ್ದು ಕೇಳುತ್ತಿತ್ತು.

ಪುಟ್ಟಿ ಅಜ್ಜಿಗೆ ಏನಾದರೂ ಹೇಳಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆ ಆ ನೆಗಡಿಯನ್ನು ನಂಬಿದಳೋ, ಅಥವಾ ಎಲ್ಲ ತಿಳಿದೂ ಟವಲು ಹೊದಿಸಿದಳೋ, ಅದೂ ಗೊತ್ತಿಲ್ಲ. ಸೊಸೆಗೂ ಇವತ್ತಿನವರೆಗೆ ಗೊತ್ತಿಲ್ಲ. ಕೇಳುವ ಧೈರ್ಯ ಅವಳಿಗೆ ಬಂದಿಲ್ಲ.